ಗೇಟು ದಾಟುವ ಮೊದಲೇ ಕೆಲಸ ಗೊತ್ತಾಗಿರಬೇಕು

ಹಿಂದೆ ನಾನಿದ್ದ ವೆಲ್ಡಿಂಗ್ ಶೆಡ್ಡಿಗೆ ಒಬ್ಬರು ಹೊಸದಾಗಿ ಸೇರಿದ್ದರು. ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವರು. ಮೊದಲ ದಿನ ಸ್ಟೋರಿನಿಂದ ರಾಡು ತರಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಮುಚ್ಚಿದ ಬಾಗಿಲ ಮುಂದೆ ಸುಮ್ನೆ ನಿಂತಿದ್ದಾರೆ. ಬೀಗ ಇಲ್ಲ, ಚಿಲಕವೂ ಹಾಕಿಲ್ಲ. ಯಾರಾದರೂ ಬಂದು ತೆಗೆಯಲಿ ಅಂತ ಕಾಯುತ್ತಿದ್ದರು. ಅಷ್ಟು ವರ್ಷ ಒಂದು ಬಾಗಿಲನ್ನೂ ಅವರು ತಾವಾಗಿ ತೆಗೆದಿರಲಿಲ್ಲ.

ಅವತ್ತಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

‘ತಪ್ಪು ಮಾಡಿದ್ದಾನೆ, ಅನುಭವಿಸಲಿ’ ಅನ್ನುತ್ತಾರೆ. ಅನುಭವಿಸಿ ಆಯ್ತಲ್ವಾ? ಕೋರ್ಟು ಹೇಳಿದಷ್ಟು ದಿನ ಒಳಗಿದ್ದು ಬಂದಿದ್ದಾರೆ. ಅದಾದ ಮೇಲೂ ನಾವು ಶಿಕ್ಷೆ ಮುಂದುವರಿಸುತ್ತಿದ್ದೇವೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಡೆವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದರು. ಒಂದೇ ಮಟ್ಟದ ಓದು, ಅನುಭವ ಅಂತ ತೋರಿಸಿ ಯುವಕರನ್ನು ಕೆಲಸ ಕೇಳಲು ಕಳಿಸಿದರು, ಬಿಳಿಯರದೊಂದು ಜೋಡಿ, ಕಪ್ಪು ಜನರದೊಂದು ಜೋಡಿ. ಜೋಡಿಯಲ್ಲಿ ಒಬ್ಬ ಮಾತ್ರ ತನಗೆ ‘ಜೈಲಾಗಿತ್ತು’ ಅನ್ನಬೇಕು, ಅಷ್ಟೇ ವ್ಯತ್ಯಾಸ. 2003ರಲ್ಲಿ ಬಂದ ಫಲಿತಾಂಶ ನೋಡಿ: ಬಿಳಿಯರಲ್ಲಿ ಮರಳಿ ಕರೆ ಬಂದದ್ದು 34 ಶೇಕಡಾದಿಂದ 17ಕ್ಕೆ ಇಳಿಯಿತು. ಕಪ್ಪು ಜನರಲ್ಲಿ 14ರಿಂದ 5ಕ್ಕೆ. ಜೈಲಿನ ಮಾತೇ ಇಲ್ಲದ ಕಪ್ಪು ಯುವಕನಿಗಿಂತ ಜೈಲಾಗಿದೆ ಎಂದ ಬಿಳಿ ಯುವಕನಿಗೇ ಜಾಸ್ತಿ ಕರೆ ಬಂದಿತ್ತು. ಓದಿದಾಗ ಹೊಟ್ಟೆ ಕಿವುಚಿದಂತಾಯಿತು.

ನನ್ನ ಮಾತು ಇಷ್ಟೇ. ಹೊರಗೆ ಬಂದ ಮೇಲೆ ಕೆಲಸ ಹುಡುಕಿಕೊಡುತ್ತೇವೆ ಅಂದರೆ ತಡವಾಯಿತು. ಗೇಟು ದಾಟುವ ಮೊದಲೇ ಯಾವ ದಿನ, ಎಲ್ಲಿ, ಯಾರ ಹತ್ತಿರ ಕೆಲಸ ಅಂತ ಗೊತ್ತಾಗಿರಬೇಕು. ಅದಕ್ಕೆ ಊರಿನ ಮಾಲೀಕರೇ ಒಳಗೆ ಹೋಗಿ ಮಾತಾಡಿಸಬೇಕು. ಬ್ರಿಟನ್ನಿನಲ್ಲಿ ಶೂ ರಿಪೇರಿ, ಕೀಲಿ ಮಾಡುವ ಟಿಂಪ್ಸನ್ ಕಂಪನಿ ಜೈಲಿನಲ್ಲೇ ತರಬೇತಿ ಕೊಟ್ಟು ಜನರನ್ನು ತೆಗೆದುಕೊಂಡಿತು. ಅಲ್ಲಿನ ಸಿಬ್ಬಂದಿಯಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಹೀಗೆ ಬಂದವರು. ಅದನ್ನು ನಡೆಸುತ್ತಿದ್ದ ಜೇಮ್ಸ್ ಟಿಂಪ್ಸನ್ 2024ರಲ್ಲಿ ಅಲ್ಲಿನ ಜೈಲು ಖಾತೆಯ ಸಚಿವರೇ ಆದರು.

ದೊಡ್ಡ ಕಂಪನಿಗಿಂತ ಸಣ್ಣ ಶೆಡ್ಡು, ಸಣ್ಣ ಅಂಗಡಿ ಇದಕ್ಕೆ ಸರಿ ಅನ್ನಿಸುತ್ತದೆ ನನಗೆ. ದೊಡ್ಡ ಕಡೆ ಅರ್ಜಿಯಲ್ಲಿ ‘ಕೇಸ್ ಇದೆಯಾ’ ಅನ್ನುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಮುಖ ನೋಡುವ ಮೊದಲೇ ಕಥೆ ಮುಗಿಯಿತು. ಸಣ್ಣ ಕಡೆ ಮಾಲೀಕ ಎದುರಿಗೆ ಕೂರಿಸಿಕೊಂಡು ಕೇಳುತ್ತಾನೆ.

ಮಾಲೀಕರ ಭಯ ಸುಳ್ಳು ಅಂತ ನಾನು ಹೇಳಲ್ಲ. ಗಲ್ಲಾಪೆಟ್ಟಿಗೆಯ ಕೀಲಿ ಯಾರ ಕೈಗೆ ಕೊಡುವುದು ಅನ್ನುವ ಚಿಂತೆ ಯಾರಿಗೂ ಇರುತ್ತದೆ. ಅಮೆರಿಕದಲ್ಲಿ 1966ರಿಂದ ಇದಕ್ಕೆಂದೇ ಒಂದು ಬಾಂಡ್ ಯೋಜನೆ ಇದೆ. ಹಾಗೆ ಸೇರಿಸಿಕೊಂಡವರು ಮೊದಲ ಆರು ತಿಂಗಳಲ್ಲಿ ಕದ್ದರೆ, ಒಂದು ಮಿತಿಯವರೆಗೆ ನಷ್ಟ ತುಂಬಿಕೊಡುತ್ತಾರೆ. ಕೆಲವು ಅಪರಾಧ ಮಾಡಿದವರಿಗೆ ಕೆಲವು ಕೆಲಸ ಕೊಡಬಾರದು, ಮಕ್ಕಳ ಜೊತೆಗಿನ ಕೆಲಸದಂಥದ್ದು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಜಾಸ್ತಿ ಜನ ಕೆಲಸ ಬಿಡುವುದು ಕಳ್ಳತನದಿಂದಲ್ಲ, ಸಣ್ಣ ಸಣ್ಣ ತೊಡಕಿನಿಂದ. ಗುರುತಿನ ಚೀಟಿ ಇರಲ್ಲ, ಹಾಗಾಗಿ ಬ್ಯಾಂಕ್ ಖಾತೆ ಇಲ್ಲ. ಸಂಬಳ ತಿಂಗಳ ಕೊನೆಗೆ, ಅಲ್ಲಿಯವರೆಗೆ ಬಸ್ಸಿಗೆ ದುಡ್ಡಿಲ್ಲ. ಸ್ಟೇಷನ್ನಿಗೆ ಹೋಗಿ ಸಹಿ ಹಾಕುವ ದಿನವೇ ಶಿಫ್ಟು. ಹೇಳಿಕೊಳ್ಳಲು ನಾಚಿಕೆಯಾಗಿ ಮರುದಿನ ಬರುವುದನ್ನೇ ನಿಲ್ಲಿಸುತ್ತಾರೆ. ಅದಕ್ಕೇ ಮಾಲೀಕನಿಗೂ ಅವರಿಗೂ ನಡುವೆ, ಫೋನ್ ಮಾಡಿದರೆ ಎತ್ತುವ ಒಬ್ಬರು ಬೇಕು. ಮೊದಲ ವಾರಕ್ಕಲ್ಲ, ಕನಿಷ್ಠ ಒಂದು ವರ್ಷ.

ಇನ್ನೊಂದು ಮಾತು, ಇದನ್ನು ಸಿಟ್ಟಿನಿಂದಲೇ ಹೇಳುತ್ತೇನೆ. ‘ಕೆಲಸ ಕೊಟ್ಟಿದ್ದೇ ದೊಡ್ಡದು’ ಅಂತ ಅರ್ಧ ಸಂಬಳ ಕೊಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದಲ್ಲಿ ಅದೇ ಕೆಲಸ ಮಾಡುವವನಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ.