ಮೊದಲು ನೋಡಿ, ಆಮೇಲೆ ಬಿಡಬೇಕೇ?

ಆನ್‌ಲೈನ್ ಗುಂಪಿನಲ್ಲಿ ಸದಸ್ಯರು ಹಾಕುವ ಪೋಸ್ಟ್ ಅಡ್ಮಿನ್ ಒಪ್ಪಿದ ಮೇಲೆಯೇ ಎಲ್ಲರಿಗೂ ಕಾಣಬೇಕೇ? ಹಾಕಿದ ಕೂಡಲೇ ಕಾಣಿಸಿ, ತಕರಾರು ಬಂದಾಗ ತೆಗೆದರೆ ಸಾಲದೇ? ಕೈತೋಟದ ಗುಂಪೊಂದನ್ನು ನಡೆಸುವವರು ಒಂದು ಕಡೆ, ಇಂಥ ಗುಂಪುಗಳಲ್ಲಿ ಬರೆದು ಬಾಗಿಲಲ್ಲೇ ವಾಪಸಾದವರು ಇನ್ನೊಂದು ಕಡೆ.

ಪರ

ಬೆಳಿಗ್ಗೆ ಐದೂವರೆಗೆ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಾ ನಾನು ಮಾಡುವ ಮೊದಲ ಕೆಲಸವೆಂದರೆ ರಾತ್ರಿಯಿಡೀ ಅನುಮತಿಗೆ ಕಾದು ಕುಳಿತ ಪೋಸ್ಟ್‌ಗಳನ್ನು ನೋಡುವುದು. ಮೊನ್ನೆ ಮಂಗಳವಾರ 41 ಇದ್ದವು. ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿದೆ, ಏನು ಸಿಂಪಡಿಸಲಿ ಎಂದು ಕೇಳಿದವು ಒಂಬತ್ತು. ಬ್ರಹ್ಮಕಮಲ ಅರಳಿದ ಫೋಟೊ ಹದಿನಾಲ್ಕು. ಮಳೆಗಾಲ ಹಿಡಿಯಿತೆಂದರೆ ಬ್ರಹ್ಮಕಮಲದ ಕಾಟ ತಪ್ಪಿದ್ದಲ್ಲ. ಮನೆಯಲ್ಲೇ ಕುಳಿತು ಪೆನ್ಸಿಲ್ ಪ್ಯಾಕ್ ಮಾಡಿ ತಿಂಗಳಿಗೆ 30 ಸಾವಿರ ಗಳಿಸಿ ಎನ್ನುವವು ನಾಲ್ಕು. ಹೀಗೆ ಒಂದೊಂದೇ ಸರಿಸುತ್ತಾ ಹೋದಾಗ ಕೆಳಗೆ ಒಬ್ಬ ಹುಡುಗಿಯ ಫೋಟೊ ಸಿಕ್ಕಿತು. ಅದರಡಿ ಒಂದು ಮೊಬೈಲ್ ಸಂಖ್ಯೆ, ಇಲ್ಲಿ ಬರೆಯಲಾಗದಂಥ ಒಂದು ಸಾಲು.

ಹಾಕಿದವನು ಎರಡು ವಾರದ ಹಿಂದೆ ಸೇರಿದ್ದ. ಗುಲಾಬಿ ಗಿಡಕ್ಕೆ ಯಾವ ಗೊಬ್ಬರ ಎಂದು ವಿನಯದಿಂದ ಕೇಳಿದ್ದ, ನಾನೇ ಉತ್ತರ ಕೊಟ್ಟಿದ್ದೆ. ಆ ಹುಡುಗಿ ಯಾರೋ, ಇವನಿಗೆ ಅವಳ ಮೇಲೆ ಏನು ಸಿಟ್ಟೋ ಗೊತ್ತಿಲ್ಲ. ಪೋಸ್ಟ್ ಬಂದದ್ದು ರಾತ್ರಿ ಹನ್ನೊಂದೂ ಮುಕ್ಕಾಲಿಗೆ. ನಮ್ಮಲ್ಲಿ ಮುಂಚಿತ ಅನುಮತಿಯ ನಿಯಮ ಇಲ್ಲದಿದ್ದರೆ ಅದು ಸುಮಾರು ಆರು ಗಂಟೆ ಕಾಲ 30 ಸಾವಿರ ಜನರ ಮುಂದೆ ಇರುತ್ತಿತ್ತು. ಬೆಳಿಗ್ಗೆ ನಾನು ಅಳಿಸುತ್ತಿದ್ದೆ, ನಿಜ. ಅಷ್ಟರಲ್ಲಿ ಯಾರ ಫೋನಿನಲ್ಲಿ ಎಷ್ಟು ಸ್ಕ್ರೀನ್‌ಶಾಟ್ ಇಳಿದಿರುತ್ತಿತ್ತೋ, ಅದನ್ನು ಅಳಿಸುವ ಗುಂಡಿ ನನ್ನ ಹತ್ತಿರ ಇಲ್ಲ. 2021ರಲ್ಲಿ ಬಂದ ಐಟಿ ನಿಯಮಗಳು ಅಶ್ಲೀಲ ಮತ್ತು ತಿರುಚಿದ ಚಿತ್ರಗಳನ್ನು ತೆಗೆಯಲು ಕಂಪನಿಗಳಿಗೆ 24 ಗಂಟೆ ಗಡುವು ಕೊಟ್ಟವು. ಆ ಎಣಿಕೆ ಶುರುವಾಗುವುದು ದೂರು ಬಂದ ಮೇಲೆ. ಆ ಹುಡುಗಿಗೆ ಮೊದಲ ಅಪರಿಚಿತ ಕರೆ ಬರಲು 24 ನಿಮಿಷವೂ ಬೇಡ.

ದೂರು ಬಂದ ಮೇಲೆ ನೋಡೋಣ ಎನ್ನುವವರು ಒಂದು ಸಣ್ಣ ವಿಷಯ ಮರೆಯುತ್ತಾರೆ. ದೂರು ಕೊಡಬೇಕಾದರೆ ಯಾರಾದರೂ ಅದನ್ನು ಮೊದಲು ನೋಡಿರಬೇಕು, ನೋಡಿದವರಿಗೆ ಅದು ತಪ್ಪೆಂದು ಅನ್ನಿಸಬೇಕು, ಅನ್ನಿಸಿದ ಮೇಲೆ ಗುಂಡಿ ಒತ್ತುವಷ್ಟು ವ್ಯವಧಾನವೂ ಇರಬೇಕು. 2019ರ ಮಾರ್ಚ್ 15ರಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಮಸೀದಿಗಳ ಮೇಲೆ ದಾಳಿ ಮಾಡಿದವನು ಕೊಲೆಗಳನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಆ ಹೊತ್ತಿನಲ್ಲಿ ನೋಡಿದವರು 200ಕ್ಕಿಂತ ಕಡಿಮೆ. ಅವರಲ್ಲಿ ಒಬ್ಬರೂ ದೂರು ಕೊಡಲಿಲ್ಲ. ಮೊದಲ ದೂರು ಬಂದದ್ದು ಪ್ರಸಾರ ಶುರುವಾಗಿ 29 ನಿಮಿಷಕ್ಕೆ, ಅಂದರೆ ಮುಗಿದು 12 ನಿಮಿಷ ಕಳೆದ ಮೇಲೆ. ತೆಗೆಯುವಷ್ಟರಲ್ಲಿ ಅದನ್ನು ಸುಮಾರು 4,000 ಬಾರಿ ನೋಡಿಯಾಗಿತ್ತು. ಆಮೇಲಿನ 24 ಗಂಟೆಗಳಲ್ಲಿ ಕಂಪನಿ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ಹಿಡಿಯಿತು. ಅದರಲ್ಲಿ 12 ಲಕ್ಷಕ್ಕೂ ಹೆಚ್ಚನ್ನು ಅಪ್‌ಲೋಡ್ ಆಗುವಾಗಲೇ ತಡೆಯಿತು. ಕೋಟಿಗಟ್ಟಲೆ ಪೋಸ್ಟ್‌ಗಳನ್ನು ಮೊದಲೇ ನೋಡಲು ಸಾಧ್ಯವೇ ಎಂದು ಕೇಳುವ ಕಂಪನಿಗೂ ಹೊಸ್ತಿಲಲ್ಲೇ ತಡೆಯುವುದು ಗೊತ್ತು, ಬೇಕಾದಾಗ ಮಾಡುತ್ತದೆ.

ನಾವು ಈ ನಿಯಮಕ್ಕೆ ಬಂದದ್ದು ಅಷ್ಟು ದೊಡ್ಡ ಕಾರಣದಿಂದಲ್ಲ, ಒಂದು ಅಣಬೆಯಿಂದ. ಮೊದಲ ಮಳೆ ಬಿದ್ದ ಮರುದಿನ ಸದಸ್ಯರೊಬ್ಬರು ಹಿತ್ತಿಲಲ್ಲಿ ಎದ್ದ ಬಿಳಿ ಅಣಬೆಯ ಫೋಟೊ ಹಾಕಿ ‘ತಿನ್ನಬಹುದೇ’ ಎಂದು ಕೇಳಿದರು. ‘ಧಾರಾಳವಾಗಿ, ಸಾರು ಮಾಡಿ’ ಎಂದು ಇಬ್ಬರು ಬರೆದರು. ನಾನು ಊರಿನಲ್ಲಿ ಗೃಹಪ್ರವೇಶವೊಂದರಲ್ಲಿ ಇದ್ದೆ. ಆ ಮನೆಯವರು ಎರಡು ದಿನ ಆಸ್ಪತ್ರೆಯಲ್ಲಿದ್ದು ಹುಷಾರಾಗಿ ಬಂದರು. ಉತ್ತರ ಕೊಟ್ಟ ಇಬ್ಬರೂ ಕೆಟ್ಟವರಲ್ಲ, ತಮಗೆ ಗೊತ್ತಿದೆ ಎಂದುಕೊಂಡವರು. ಅಂದಿನಿಂದ ನಮ್ಮಲ್ಲಿ ‘ತಿನ್ನಬಹುದೇ’ ಎಂಬ ಪ್ರಶ್ನೆಗೆ ಬಾಗಿಲು ಮುಚ್ಚಿದೆ.

ಇದೇನು ಹೊಸ ದಬ್ಬಾಳಿಕೆಯೂ ಅಲ್ಲ. ಪತ್ರಿಕೆಯ ವಾಚಕರ ಪತ್ರದ ಅಂಕಣಕ್ಕೆ ಬಂದ ಪತ್ರವನ್ನೆಲ್ಲ ಯಾರೂ ಅಚ್ಚು ಹಾಕುತ್ತಿರಲಿಲ್ಲ. ಯಾರೋ ಉಪಸಂಪಾದಕರು ಕುಳಿತು ಓದಿ, ಆರಿಸಿ, ಬೈಗುಳ ತೆಗೆದು ಹಾಕುತ್ತಿದ್ದರು. ನನ್ನ ಅಪ್ಪ ಬಸ್ ನಿಲ್ದಾಣದ ನಲ್ಲಿಯ ಬಗ್ಗೆ ಬರೆದ ಪತ್ರ ನಾಲ್ಕನೆಯ ಸಲಕ್ಕೆ ಬಂತು. ಅದರ ಕತ್ತರಿಸಿದ ತುಣುಕು ಈಗಲೂ ಮನೆಯಲ್ಲಿದೆ.

ಕೊನೆಗೆ ಭಾಷೆಯ ಮಾತು. ದೂರದ ಕಂಪನಿಗಳು ನೋಡಿಕೊಳ್ಳುತ್ತವೆ ಎಂದು ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ಮ್ಯಾನ್ಮಾರ್ ಇದೆ. 2015ರ ಆರಂಭದಲ್ಲಿ ಫೇಸ್‌ಬುಕ್‌ನಲ್ಲಿ ಆಕ್ಷೇಪಾರ್ಹ ಪೋಸ್ಟ್‌ಗಳನ್ನು ನೋಡುವವರ ಪೈಕಿ ಬರ್ಮೀ ಭಾಷೆ ಬಲ್ಲವರು ಇಬ್ಬರೇ ಇದ್ದರೆಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ರೋಹಿಂಗ್ಯಾ ಜನರ ಮೇಲೆ ಅಲ್ಲಿ ಎಂಥ ವಿಷ ಹರಿಯಿತೆಂದು ಆಮೇಲೆ ಜಗತ್ತಿಗೆ ಗೊತ್ತಾಯಿತು. ಕನ್ನಡದ ವ್ಯಂಗ್ಯ, ದ್ವಂದ್ವಾರ್ಥ, ಜಾತಿ ಹಿಡಿದು ಚುಚ್ಚುವ ಒಂದು ಪದ, ಇವು ಗೊತ್ತಾಗುವುದು ಕನ್ನಡದಲ್ಲೇ ಬೆಳೆದವರಿಗೆ. ಆ ಕೆಲಸಕ್ಕೆ ಸಂಬಳವಿಲ್ಲದೆ ಕುಳಿತಿರುವವರು ನನ್ನಂಥವರು. ನನಗೆ ಮದುವೆ ಮುಂಜಿ ಇದ್ದ ದಿನ ಸರದಿ ಉದ್ದವಾಗುತ್ತದೆ, ‘ಅಕ್ಕ, ನನ್ನ ಪೋಸ್ಟ್ ಎಲ್ಲಿ’ ಎಂದು ಸಂದೇಶಗಳು ಬರುತ್ತವೆ. ಬರಲಿ. ಬ್ರಹ್ಮಕಮಲ ಹೇಗೂ ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ. ಸಂಜೆಗೆ ಹಾಕಿದರೂ ಅದೇ ಫೋಟೊ.

ವಿರೋಧ

‘ನಮ್ಮ ಅವ್ವ ರೊಟ್ಟಿ ಬಡಿಯುವಾಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಹಂಚಿನ ಮೇಲಿನ ರೊಟ್ಟಿಯನ್ನೇ ನೋಡುತ್ತಿದ್ದಳು.’ ಕನ್ನಡ ಬರಹಗಳ ಗುಂಪೊಂದಕ್ಕೆ ನಾನು ಕಳಿಸಿದ ಪುಟ್ಟ ನೆನಪಿನ ಮೊದಲ ಸಾಲು ಇದು. ಮೂರು ದಿನ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸಿತು. ನಾಲ್ಕನೆಯ ದಿನ ಉತ್ತರ ಬಂತು: ನಿರಾಕರಿಸಲಾಗಿದೆ, ನಿಯಮ 4, ಹಿರಿಯರ ಬಗ್ಗೆ ಏಕವಚನ ಬಳಸುವಂತಿಲ್ಲ.

ನಮ್ಮ ಕಡೆ ಅವ್ವ ‘ನೋಡುತ್ತಿದ್ದರು’ ಎಂದು ಬರೆದರೆ ಅವ್ವ ತಾನೇ ಹಿಂದೆ ತಿರುಗಿ, ಯಾರಪ್ಪಾ ಈ ಬೇರೆ ಹೆಂಗಸು ಎಂದು ನೋಡುತ್ತಾಳೆ. ತಾಯಿಗೂ ದೇವರಿಗೂ ನಾವು ಏಕವಚನವನ್ನೇ ಇಟ್ಟವರು. ಬಸವಣ್ಣ ಕೂಡಲಸಂಗಮದೇವನನ್ನು ಮಾತಾಡಿಸಿದ್ದೂ ಏಕವಚನದಲ್ಲೇ. ಆ ನಿಯಮ 4ರ ಮುಂದೆ ಅವನ ವಚನಗಳೂ ಸರದಿಯಲ್ಲೇ ಉಳಿಯುತ್ತಿದ್ದವು.

ಆ ಅಡ್ಮಿನ್ ದುಷ್ಟರೇನಲ್ಲ. ಅವರ ಊರಿನಲ್ಲಿ ಅಮ್ಮನಿಗೆ ಬಹುವಚನ ಇರಬಹುದು. ನನ್ನ ತಕರಾರು ಏನೆಂದರೆ, ಮುಂಚಿತವಾಗಿ ಸೋಸುವ ಗುಂಪಿನಲ್ಲಿ ಸೋಸುವವರ ಕಿವಿಯೇ ಎಲ್ಲರ ಕಿವಿಯಾಗುತ್ತದೆ. ಒಳಗಿರುವ ಸಾವಿರಾರು ಜನರಿಗೆ ತಮಗೆ ಏನು ಕಾಣದೆ ಹೋಯಿತು ಎಂಬುದೇ ತಿಳಿಯುವುದಿಲ್ಲ. ಪ್ರಕಟವಾದ ಮೇಲೆ ತೆಗೆದರೆ ನಾಲ್ಕು ಜನ ನೋಡಿರುತ್ತಾರೆ, ಏಕೆ ತೆಗೆದಿರಿ ಎಂದು ಒಬ್ಬರಾದರೂ ಕೇಳುತ್ತಾರೆ. ಬಾಗಿಲಲ್ಲೇ ವಾಪಸಾದದ್ದಕ್ಕೆ ಸಾಕ್ಷಿ ನಾನೊಬ್ಬನೇ. 2021ರ ಐಟಿ ನಿಯಮಗಳು 50 ಲಕ್ಷ ಮೀರಿದ ಬಳಕೆದಾರರಿರುವ ಕಂಪನಿಗಳಿಗೆ ಒಂದು ಷರತ್ತು ಹಾಕಿವೆ: ನಿಯಮ ಮೀರಿದ್ದೆಂದು ತಾವಾಗಿಯೇ ಏನನ್ನಾದರೂ ತೆಗೆಯುವುದಾದರೆ ಹಾಕಿದವರಿಗೆ ಕಾರಣ ತಿಳಿಸಬೇಕು, ವಾದಿಸಲು ಅವಕಾಶ ಕೊಡಬೇಕು. ಆ ಕಂಪನಿಯ ಅಂಗಳದಲ್ಲೇ ಗುಂಪು ಕಟ್ಟಿಕೊಂಡ ಅಡ್ಮಿನ್‌ಗೆ ಅಂಥ ಯಾವ ಗೊಡವೆಯೂ ಇಲ್ಲ. ನನಗೆ ಕಾರಣವಾದರೂ ಸಿಕ್ಕಿತು. ಹೆಚ್ಚಿನವರಿಗೆ ಅದೂ ಇಲ್ಲ.

ಸೋಸಿದರೆ ಗುಣಮಟ್ಟ ಬರುತ್ತದೆ ಎನ್ನುವವರು ನ್ಯೂಪೀಡಿಯಾದ ಕತೆ ಕೇಳಬೇಕು. ವಿಕಿಪೀಡಿಯಕ್ಕಿಂತ ಮೊದಲು, 2000ದಲ್ಲಿ ಅದೇ ಜನ ಶುರುಮಾಡಿದ ವಿಶ್ವಕೋಶ ಅದು. ತಜ್ಞರು ಏಳು ಹಂತದಲ್ಲಿ ಪರಿಶೀಲಿಸಿದ ಮೇಲೆಯೇ ಲೇಖನ ಹೊರಗೆ. ಮೊದಲ ವರ್ಷ ಹೊರಬಂದವು 21. ಬೇಸತ್ತು 2001ರ ಜನವರಿಯಲ್ಲಿ, ಯಾರು ಬೇಕಾದರೂ ಬರೆಯಿರಿ ಎಂದು ಬಾಗಿಲು ತೆರೆದು ಪಕ್ಕದಲ್ಲಿ ವಿಕಿಪೀಡಿಯ ಇಟ್ಟರು. ಅದರಲ್ಲಿ ಮೊದಲ ತಿಂಗಳಲ್ಲೇ 200 ಲೇಖನಗಳಾದವು, ವರ್ಷ ತುಂಬುವಷ್ಟರಲ್ಲಿ ಸುಮಾರು 18,000. ಕಸ ಬರಲಿಲ್ಲವೇ? ಬಂತು. ಆದರೆ ಅಲ್ಲಿ ಪ್ರತಿ ಪುಟಕ್ಕೂ ಒಂದು ‘ಇತಿಹಾಸ’ ಇದೆ. ಯಾರು ಏನು ಸೇರಿಸಿದರು, ಯಾರು ಕಿತ್ತರು, ಯಾವಾಗ ಎಂಬುದೆಲ್ಲ ಸಾಮಾನ್ಯವಾಗಿ ಯಾರಿಗೂ ಕಾಣುತ್ತದೆ.

ಇಲ್ಲಿ ನನ್ನ ಪಕ್ಷದ ಹುಳುಕನ್ನೂ ಹೇಳಬೇಕು. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರಿಗೆ ಕೆನಡಿ ಹತ್ಯೆಯಲ್ಲಿ ಕೈವಾಡವಿತ್ತೆಂಬ ಶಂಕೆ ಇತ್ತು ಎಂದು ಯಾರೋ ಸುಳ್ಳು ಬರೆದರು. ಅದು ವಿಕಿಪೀಡಿಯದಲ್ಲಿ ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಕುಳಿತಿತ್ತು. ಅವಮಾನವಾದ ಮೇಲೆ ಎಚ್ಚೆತ್ತುಕೊಂಡರು. ಜರ್ಮನ್ ವಿಕಿಪೀಡಿಯ 2008ರಲ್ಲಿ ಹೊಸಬರ ತಿದ್ದುಪಡಿಗಳನ್ನೆಲ್ಲ ಅನುಭವಿಗಳು ನೋಡಿದ ಮೇಲೆ ತೋರಿಸುವ ದಾರಿ ಹಿಡಿಯಿತು. ಇಂಗ್ಲಿಷ್ ವಿಕಿಪೀಡಿಯ ಹಾಗೆ ಮಾಡದೆ, ಪದೇ ಪದೇ ಕಿಡಿಗೇಡಿತನ ನಡೆಯುವ ಕೆಲವೇ ಪುಟಗಳಿಗೆ ಆ ಕಾವಲು ಹಾಕಿತು. ನನಗೆ ಎರಡನೆಯದು ಸರಿ ಕಾಣುತ್ತದೆ. ಸಂತೆಯಲ್ಲಿ ಜೇಬುಗಳ್ಳರು ಓಡಾಡುವ ಮೂಲೆಯಲ್ಲಿ ಪೊಲೀಸರನ್ನು ನಿಲ್ಲಿಸಿ. ಸಂತೆಗೆ ಬರುವವರೆಲ್ಲರ ಚೀಲ ಬಿಚ್ಚಿಸಬೇಡಿ. ಕ್ರೈಸ್ಟ್‌ಚರ್ಚ್ ವಿಡಿಯೊದ 12 ಲಕ್ಷ ಪ್ರತಿಗಳನ್ನು ತಡೆದದ್ದೂ ಗುರುತು ಸಿಕ್ಕ ಕಳ್ಳನನ್ನು ಹಿಡಿದಂತೆ. ಮೂಲ ವಿಡಿಯೊ ಕೈಯಲ್ಲಿದ್ದುದರಿಂದ ಯಂತ್ರ ಹೋಲಿಸಿ ನೋಡಿತು, ಅದಕ್ಕೆ ವಿವೇಚನೆ ಬೇಕಾಗಲಿಲ್ಲ.

ವಿವೇಚನೆ ಬೇಕಾದ ಕಡೆ ಯಂತ್ರ ಏನು ಮಾಡುತ್ತದೆ? ಗುಂಪು ದೊಡ್ಡದಾದಂತೆ ಅಡ್ಮಿನ್‌ಗಳು ಬೈಗುಳಗಳ ಪಟ್ಟಿಯೊಂದನ್ನು ಯಂತ್ರಕ್ಕೆ ಕೊಟ್ಟು ಮಲಗುತ್ತಾರೆ. ಚನ್ನಗಿರಿ ತಾಲ್ಲೂಕಿನವನೊಬ್ಬ ‘ಸೂಳೆಕೆರೆ ಕೋಡಿ ಬಿದ್ದಿದೆ’ ಎಂದು ಸಂತೋಷದಿಂದ ಬರೆದರೆ ಅದು ಒಳಗೆ ಬರುವುದಿಲ್ಲ. ಆ ಕೆರೆಯ ಇನ್ನೊಂದು ಹೆಸರು ಹಿಡಿದು ಶಾಂತಿಸಾಗರ ಎಂದು ಬರೆಯಬೇಕಿತ್ತು, ಪಾಪ. ಊರವರು ಯಾರೂ ಹಾಗೆ ಕರೆಯುವುದಿಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಯೂ ಹೊರಗೇ ನಿಲ್ಲುತ್ತಾಳೆ. ಅದೇ ಹೊತ್ತಿಗೆ ನಿಜವಾಗಿ ಬೈಯುವವನು ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಒಂದು ಸೊನ್ನೆ ತುರುಕಿ ಬರೆದು ಆರಾಮವಾಗಿ ಒಳಗೆ ಬಂದಿರುತ್ತಾನೆ.

ಮುಂಚಿತವಾಗಿ ನೋಡುವವರು ತಮ್ಮ ತಲೆಯ ಮೇಲೆ ಏನು ಹೊತ್ತುಕೊಳ್ಳುತ್ತಿದ್ದಾರೆ ಎಂಬುದನ್ನೂ ಯೋಚಿಸಿದಂತಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸದಸ್ಯನೊಬ್ಬ ಅಶ್ಲೀಲವಾಗಿ ಬರೆದದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಹಾಕುವ ಮೊದಲೇ ಅದನ್ನು ತಡೆಯುವ ಅಧಿಕಾರ ಅಡ್ಮಿನ್‌ಗೆ ಇಲ್ಲ ಎಂಬುದು. ತಡೆಯುವ ಅಧಿಕಾರವನ್ನು ಕೇಳಿ ಪಡೆದು, ಓದಿ, ಒಪ್ಪಿಗೆಯ ಗುಂಡಿ ಒತ್ತಿದವರಿಗೆ ಆ ಮಾತು ಎಷ್ಟು ಆಸರೆಯಾದೀತು? 1995ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದು ಪ್ರಾಡಿಜಿ ಎಂಬ ಆನ್‌ಲೈನ್ ಕಂಪನಿಯ ವಿಷಯದಲ್ಲಿ ಇದೇ ತರ್ಕ ಹಿಡಿಯಿತು: ಸೋಸುತ್ತೀರಿ ಎಂದರೆ ನೀವು ಪ್ರಕಾಶಕರು, ಹೊಣೆ ಹೊರಿ. ಅದನ್ನು ಸರಿಪಡಿಸಲು ಮರುವರ್ಷ ಅಮೆರಿಕದ ಸಂಸತ್ತೇ ಕಾನೂನು ಮಾಡಬೇಕಾಯಿತು.

ಹಾಗಾದರೆ ಮುರ್ಕಿ ಎಂಬ ಊರಿನಲ್ಲಿ ನಡೆದದ್ದು? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನಿಂದ ಬಂದಿದ್ದ ಯುವಕರನ್ನು ಮಕ್ಕಳ ಕಳ್ಳರೆಂದು ವಾಟ್ಸ್ಆ್ಯಪ್‌ನಲ್ಲಿ ಹಬ್ಬಿಸಿದರು. ಅವರ ಕಾರು ಮುರ್ಕಿ ತಲುಪುವಷ್ಟರಲ್ಲಿ ಜನ ದಾರಿಗೆ ಅಡ್ಡ ಕಟ್ಟಿ ಕಾಯುತ್ತಿದ್ದರು. ಒಬ್ಬ ಸತ್ತ. ಯಾವ ಅಡ್ಮಿನ್ ಮೊದಲೇ ನೋಡಿದ್ದರೆ ತಪ್ಪುತ್ತಿತ್ತು? ಪೊಲೀಸರು ಬಂಧಿಸಿದವರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದ. ಊರೇ ನಂಬಿದ್ದ ಸುಳ್ಳನ್ನು ಊರಿನ ಅಡ್ಮಿನ್ ತಡೆಯುತ್ತಿದ್ದ ಎಂದುಕೊಳ್ಳಲು ನನ್ನಿಂದಾಗದು. ಆ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದು ಎಂದು ಮಿತಿ ಹಾಕಿತು. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದಾಗಲೂ ಸರ್ಕಾರ ಎಸ್‌ಎಂಎಸ್‌ಗಳನ್ನು ದಿನಕ್ಕೆ ಐದಕ್ಕೆ ಇಳಿಸಿತ್ತು. ಐದು ಎಂಬ ಅಂಕಿಯೇ ಏಕೋ! ಅದು ಹೇಗೇ ಇರಲಿ, ಇವೆರಡೂ ಯಾರು ಏನು ಬರೆದರೆಂದು ನೋಡದೆ ಓಟವನ್ನಷ್ಟೇ ನಿಧಾನಿಸಿದವು. ಶಾಲೆಯ ಮುಂದಿನ ರಸ್ತೆಗೆ ಉಬ್ಬು ಹಾಕಿದ ಹಾಗೆ. ಪ್ರತಿ ಚಾಲಕನನ್ನು ನಿಲ್ಲಿಸಿ ಎಲ್ಲಿಗೆ ಹೊರಟೆ ಎಂದು ವಿಚಾರಿಸಬೇಕಿಲ್ಲ.

ಕೈತೋಟದ ಗುಂಪಿಗೂ ನಾನು ಹೇಳುವುದು ಇಷ್ಟೇ. ಸೇರಿ ತಿಂಗಳಾಗದವರ ಪೋಸ್ಟ್ ಕಾಯಲಿ, ಫೋನ್ ಸಂಖ್ಯೆ ಇರುವುದೂ ಕಾಯಲಿ. ಆ ಹುಡುಗಿಯ ಫೋಟೊ ಇದರಲ್ಲೇ ಸಿಕ್ಕಿಬೀಳುತ್ತಿತ್ತು. ಅಣಬೆ ಮಾತ್ರ ಹೇಗೂ ತಪ್ಪಿಸಿಕೊಳ್ಳುತ್ತಿತ್ತು, ಏಕೆಂದರೆ ಅಲ್ಲಿ ಕೆಟ್ಟದ್ದು ಪ್ರಶ್ನೆಯಲ್ಲಿರಲಿಲ್ಲ, ಕಾಮೆಂಟಿನಲ್ಲಿತ್ತು; ಕಾಮೆಂಟುಗಳನ್ನೂ ಒಂದೊಂದಾಗಿ ಒಪ್ಪುತ್ತಾ ಕುಳಿತರೆ ಡಿಕಾಕ್ಷನ್ ಆರಿ ತಣ್ಣಗಾಗುತ್ತದೆ.

ಅವ್ವನ ಬರಹವನ್ನು ನಾನು ಆಮೇಲೆ ಇನ್ನೊಂದು ಗುಂಪಿನಲ್ಲಿ ಹಾಕಿದೆ, ಅಲ್ಲಿ ಅನುಮತಿ ಗಿನುಮತಿ ಇಲ್ಲ. ಏಕವಚನದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಜಗಳವಾದದ್ದು ಬೇರೆಯದಕ್ಕೆ: ರೊಟ್ಟಿ ಬಡಿಯುವುದು ಅಲ್ಲ, ತಟ್ಟುವುದು ಎಂದು ಒಬ್ಬರು ಶುರುಮಾಡಿ ಅರವತ್ತು ಕಾಮೆಂಟುಗಳಾದವು. ನಡುವೆ ಒಬ್ಬ ಇನ್ನೊಬ್ಬನ ಅವ್ವನನ್ನು ಎಳೆದು ತಂದ. ಇಬ್ಬರು ದೂರು ಕೊಟ್ಟರು, ಕಾಲು ಗಂಟೆಯೊಳಗೆ ಅಡ್ಮಿನ್ ಆ ಕಾಮೆಂಟು ಕಿತ್ತು, ಆ ಜಾಗದಲ್ಲಿ ‘ಬೈಗುಳ ಇತ್ತು, ತೆಗೆದಿದ್ದೇನೆ, ರೊಟ್ಟಿಯ ಮಾತು ಮುಂದುವರಿಸಿ’ ಎಂದು ಬರೆದರು. ಮುಂದುವರಿಯಿತು. ಬಡಿಯುವುದೋ ತಟ್ಟುವುದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.