ಬಂಡೆ ಸಿಕ್ಕರೆ ಎಷ್ಟು ಅಂತ ಮೊದಲೇ ಬರೆದುಕೊಟ್ಟರು

"ಏನೋ ಇದು, ಒಂದು ನೀರಿನ ತೊಟ್ಟಿಗೆ ಹನ್ನೊಂದು ಪುಟ ಬರೆದಿದ್ದಾರಾ? ನಂಬಿಕೆ ಅನ್ನೋದೇ ಇಲ್ವಾ ನಿಮ್ಮ ಕಡೆ?"

ಅಣ್ಣ ಫೋನಲ್ಲಿ ಹೀಗಂದಾಗ ನನಗೆ ಚುರುಕ್ ಅಂದಿತು. ಊರು ಬಿಟ್ಟು ಬಂದು ನಾನು ಈಗಿರುವ ಮನೆಯ ಹಿತ್ತಲಲ್ಲಿ ಒಂದು ಸ್ವಿಮ್ಮಿಂಗ್ ಪೂಲ್ ಮಾಡಿಸೋಣ ಅಂತ ಎಸ್ಟಿಮೇಟ್ ತರಿಸಿದ್ದೆ. ಅದನ್ನು ಓದಿ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಒಂದೊಂದು ಪುಟದ ಫೋಟೋ ತೆಗೆದು ಆಗಲೇ ಅವನಿಗೆ ಕಳಿಸಿದ್ದೆ. ಅವನಿಗೇ ಯಾಕೆ ಅಂದರೆ, ಎರಡು ವರ್ಷದ ಹಿಂದೆ ಅವನೂ ಊರಲ್ಲಿ ಮನೆ ಪಕ್ಕದ ಜಾಗದಲ್ಲಿ ಮಕ್ಕಳಿಗೆ ಅಂತ ಕೊಳ ಕಟ್ಟಿಸಿದ. ಆ ಕೊಳದ ಎಸ್ಟಿಮೇಟ್ ಹೇಗಾಯಿತು ಅನ್ನೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಜಕ್ಕೆ ಹೋಗಿದ್ದೆ ಆಗ. ಮೇಸ್ತ್ರಿ ಬಂದರು, ಒಂದು ಕೋಲಿನಿಂದ ಮಣ್ಣಲ್ಲಿ ಗೆರೆ ಎಳೆದರು, ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಹೆಜ್ಜೆ ಹಾಕಿದರು, ಸ್ವಲ್ಪ ಹೊತ್ತು ಮೇಲೆ ನೋಡಿ ಒಂದು ಮೊತ್ತ ಹೇಳಿದರು. "ಇಷ್ಟರೊಳಗೆ ಮುಗಿಸಿಕೊಡ್ತೀನಿ ಬಿಡಿ ಅಣ್ಣಾ" ಅಂದರು. ಕಾಗದ ಇಲ್ಲ, ಪೆನ್ನು ಇಲ್ಲ. ಮುಂದಿನ ವಾರ ಗುದ್ದಲಿ ಪೂಜೆ.

ಕೆಲಸ ಮುಗಿಯುವ ಹೊತ್ತಿಗೆ ಆದ ಖರ್ಚು ಅವತ್ತು ಹೇಳಿದ್ದರ ಹತ್ತಿರ ಹತ್ತಿರ ಎರಡರಷ್ಟು. ನಡುವೆ ಎರಡು ಸಲ ಕೆಲಸ ನಿಂತಿತ್ತು. ಅಣ್ಣನೂ ಮೇಸ್ತ್ರಿಯೂ ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಇಬ್ಬರೂ ಕೆಟ್ಟವರಲ್ಲ. ಹದಿನೈದು ವರ್ಷದ ಪರಿಚಯ. ಅದಕ್ಕೇ ನನಗೆ ಆ ಹನ್ನೊಂದು ಪುಟ ನೋಡಿ ಅಷ್ಟು ಸಂತೋಷವಾಗಿದ್ದು.

ಇಲ್ಲಿ ಎಸ್ಟಿಮೇಟ್ ಮಾಡಲು ಬಂದ ಹೆಣ್ಣುಮಗಳು ಮೊದಲು ಹಿತ್ತಲಿಗೇ ಹೋಗಲಿಲ್ಲ. ಟೇಪು ತೆಗೆದು ಮನೆ ಪಕ್ಕದ ಗೇಟಿನ ಅಗಲ ಅಳೆದರು. ಗೇಟ್ ಯಾಕೆ ಅಂತ ಕೇಳಿದೆ. ಅಗೆಯುವ ಯಂತ್ರ ಒಳಗೆ ಹೋಗಬೇಕಲ್ಲ ಅಂದರು. ದೊಡ್ಡ ಯಂತ್ರ ನುಗ್ಗಿದರೆ ಒಂದೆರಡು ದಿನದ ಕೆಲಸ, ಚಿಕ್ಕದು ಮಾತ್ರ ಹೋಗುತ್ತದೆ ಅಂದರೆ ದಿನಗಳೂ ಜಾಸ್ತಿ ಬಾಡಿಗೆಯೂ ಜಾಸ್ತಿ, ಯಾವುದೂ ಹೋಗಲ್ಲ ಅಂದರೆ ಕೈಯಲ್ಲೇ ಅಗೆದು ತಳ್ಳುಗಾಡಿಯಲ್ಲಿ ಮಣ್ಣು ಹೊರಗೆ ಸಾಗಿಸಬೇಕು, ಆಗ ಕೊಳಕ್ಕಿಂತ ಗುಂಡಿಯೇ ದುಬಾರಿ. ಆಮೇಲೆ ಕರೆಂಟ್ ಮೀಟರ್ ಎಲ್ಲಿದೆ ನೋಡಿದರು. ಚರಂಡಿ ಎಲ್ಲಿ ಸೇರುತ್ತದೆ ಕೇಳಿದರು. ನೆಲದಡಿಯಲ್ಲಿ ಯಾವ ಪೈಪು ಯಾವ ಕೇಬಲ್ ಹೋಗಿದೆ ಅಂತ ವಿಚಾರಿಸಿದರು. ಮನೆಯಲ್ಲಿ ಯಾರ್ಯಾರು ಈಜುತ್ತಾರೆ, ಚಿಕ್ಕ ಮಕ್ಕಳಿದ್ದಾರಾ ಅಂತಲೂ ಕೇಳಿದರು. ಕೊನೆಗೆ ಬಣ್ಣದ ಡಬ್ಬಿ ತೆಗೆದು ಹುಲ್ಲಿನ ಮೇಲೆ ಚೌಕ ಬರೆದರು. ಸುಮಾರು 26 ಅಡಿ ಉದ್ದ, 13 ಅಡಿ ಅಗಲ. "ಇದರ ಸುತ್ತ ಎರಡು ದಿನ ಓಡಾಡಿ, ದೊಡ್ಡದಾಯಿತು ಅನ್ನಿಸಿದರೆ ಹೇಳಿ" ಅಂದರು.

ಅಂದರೆ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಒಂದು ಕಡೆ 1.1 ಮೀಟರ್ ಆಳ, ಇನ್ನೊಂದು ಕಡೆ 1.8. ಸರಾಸರಿ 1.45 ಮೀಟರ್ ಅಂದುಕೊಳ್ಳಿ. ಗುಣಿಸಿದರೆ 46.4 ಘನ ಮೀಟರ್, ಅಂದರೆ 46,400 ಲೀಟರ್ ನೀರು. ನೀರಿನ ತೂಕವೇ 46 ಟನ್ ದಾಟುತ್ತದೆ. ಈ ಒಂದು ಸಂಖ್ಯೆ ಗೊತ್ತಾದರೆ ಪಂಪ್, ಫಿಲ್ಟರ್, ಪೈಪ್, ನೀರಿಗೆ ಹಾಕುವ ಔಷಧಿ ಎಲ್ಲದರ ಲೆಕ್ಕ ಹಿಂದೆಯೇ ಬರುತ್ತದೆ. ಎಂಟು ಗಂಟೆಯಲ್ಲಿ ಪೂರ್ತಿ ನೀರು ಒಂದು ಸಲ ಫಿಲ್ಟರ್ ದಾಟಬೇಕು ಅಂದರೆ ಗಂಟೆಗೆ 5,800 ಲೀಟರ್ ಎಳೆಯುವ ಪಂಪ್ ಬೇಕು. ಊರಲ್ಲಿ ಅಣ್ಣನ ಕೊಳಕ್ಕೆ ಪಂಪ್ ತಂದಿದ್ದು ಹೇಗೆ? ಅಂಗಡಿಯವನು "ಒಂದು ಹೆಚ್‌ಪಿ ಹಾಕಿ, ಸಾಕು" ಅಂದ. ಸಾಕಾಗಲಿಲ್ಲ. ಆರು ತಿಂಗಳಿಗೆ ಬದಲಾಯಿಸಿದರು. ಹಳೇ ಪಂಪ್ ಈಗಲೂ ಅಟ್ಟದ ಮೇಲಿದೆ.

ಮಣ್ಣಿನ ಲೆಕ್ಕ ಇನ್ನೂ ಚೆನ್ನಾಗಿತ್ತು. 46 ಘನ ಮೀಟರ್ ನೀರು ಹಿಡಿಯುವ ಕೊಳಕ್ಕೆ 46 ಘನ ಮೀಟರ್ ಅಗೆದರೆ ಸಾಲದು. ಗೋಡೆಯ ದಪ್ಪ ಇದೆ, ತಳದ ಕಾಂಕ್ರೀಟ್ ಇದೆ, ಅದರ ಕೆಳಗೆ ಜಲ್ಲಿ ಇದೆ, ಕಂಬಿ ಕಟ್ಟುವವರು ಕೈಯಾಡಿಸಲು ಜಾಗ ಬೇಕು. ಒಂಬತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.8 ಮೀಟರ್ ಆಳ ಅಂದರೆ 81 ಘನ ಮೀಟರ್. ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ. ಕಾಲು ಭಾಗ ಉಬ್ಬಿತು ಅಂದರೂ ನೂರು ಘನ ಮೀಟರ್ ಆಯಿತು. ಹತ್ತು ಘನ ಮೀಟರ್ ಹಿಡಿಯುವ ಲಾರಿಯಲ್ಲಿ ಹತ್ತು ಲೋಡ್. ಹತ್ತು ಲೋಡ್ ಸಾಗಿಸಿ, ಸುರಿಯುವ ಜಾಗದಲ್ಲಿ ದುಡ್ಡು ಕಟ್ಟುವುದು, ಎಲ್ಲ ಆ ಹಾಳೆಯಲ್ಲಿ ಒಂದು ಸಾಲು. ಅಣ್ಣನ ಮನೆಯಲ್ಲಿ ಈ ಸಾಲೇ ಇರಲಿಲ್ಲ. ಅಗೆದ ಮಣ್ಣು ಮನೆ ಮುಂದೆ ಗುಡ್ಡದ ಹಾಗೆ ಬಿತ್ತು. ಒಂದು ಮಳೆ ಬಂದು ಅರ್ಧ ಮಣ್ಣು ಪಕ್ಕದ ಮನೆ ಗೇಟಿನ ತನಕ ಹರಿಯಿತು. ಆಗ ರಾತ್ರೋರಾತ್ರಿ ಟ್ರ್ಯಾಕ್ಟರ್ ಹುಡುಕಿದರು. ಅವತ್ತು ಟ್ರ್ಯಾಕ್ಟರ್‌ನವನು ಕೇಳಿದಷ್ಟು ಕೊಟ್ಟರು. "ಮಣ್ಣು ಸಾಗಿಸೋದು ನಮ್ಮದಲ್ಲ ಅಣ್ಣಾ, ಅದು ಗೊತ್ತಿರೋದೇ ಅಲ್ವಾ" ಅಂತ ಮೇಸ್ತ್ರಿ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಯಾರಿಗೆ ಗೊತ್ತಿತ್ತು? ಮೇಸ್ತ್ರಿಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಕಟ್ಟಡದ ಕೆಲಸದಲ್ಲಿ ಮೋಸಕ್ಕಿಂತ ಜಾಸ್ತಿ ಜಗಳ ಹುಟ್ಟುವುದು ಈ "ಗೊತ್ತಿರೋದೇ ಅಲ್ವಾ" ಅನ್ನುವ ಮಾತಿನಿಂದ. ಬಾಯಲ್ಲಿ ಹೇಳಿದ ಮೊತ್ತ ಒಂದೇ ಆದರೂ ಇಬ್ಬರ ತಲೆಯಲ್ಲಿ ಎರಡು ಬೇರೆ ಕೊಳ ಇರುತ್ತದೆ. ಅಣ್ಣನ ತಲೆಯಲ್ಲಿದ್ದದ್ದು ಟೈಲ್ಸ್ ಹಾಕಿ, ಸುತ್ತ ಕಲ್ಲು ಹಾಸಿ, ಲೈಟು ಬೆಳಗಿಸಿ, ನೀರು ತುಂಬಿಸಿದ ಕೊಳ. ಮೇಸ್ತ್ರಿ ಹೇಳಿದ ಬೆಲೆ ಕಾಂಕ್ರೀಟ್ ತೊಟ್ಟಿಯದು.

ನನ್ನ ಎಸ್ಟಿಮೇಟಿನ ನಾಲ್ಕನೇ ಪುಟದ ತಲೆಬರಹವೇ "ಈ ಬೆಲೆಯಲ್ಲಿ ಸೇರಿಲ್ಲದ್ದು" ಅಂತ. ಬೇಲಿ ಸೇರಿಲ್ಲ. ಸುತ್ತಲಿನ ಕಲ್ಲುಹಾಸು ಕೊಳದ ಅಂಚಿನಿಂದ ಇಷ್ಟು ಅಡಿ ತನಕ ಮಾತ್ರ. ಮೀಟರಿನಿಂದ ಪಂಪ್ ತನಕ ಹೊಸ ವೈರಿಂಗ್ ಸೇರಿಲ್ಲ. ಮೊದಲ ಸಲ ತುಂಬಿಸುವ ನೀರು ಸೇರಿಲ್ಲ. ಹಾಳಾಗುವ ಹುಲ್ಲು, ಗಿಡ ಸರಿಮಾಡುವುದು ಸೇರಿಲ್ಲ. ಅದರ ಕೆಳಗೆ ನಾನು ಮೂರು ಸಲ ಓದಿದ ಸಾಲು: ಅಗೆಯುವಾಗ ಬಂಡೆ ಸಿಕ್ಕರೆ, ಒಡೆಯುವ ಯಂತ್ರಕ್ಕೆ ಗಂಟೆಗೆ ಇಷ್ಟು, ಮುಂಚೆ ನಿಮಗೆ ತೋರಿಸಿ ಒಪ್ಪಿಗೆ ಪಡೆದೇ ಶುರುಮಾಡುತ್ತೇವೆ.

ಅಣ್ಣನಿಗೂ ಬಂಡೆ ಸಿಕ್ಕಿತ್ತು. ಐದು ಅಡಿಗೆ. ಕೆಲಸ ಮೊದಲ ಸಲ ನಿಂತಿದ್ದು ಅದಕ್ಕೇ. ಬಂಡೆ ಇರುತ್ತದೆ ಅಂತ ಮೇಸ್ತ್ರಿಗೆ ಹೇಗೆ ಗೊತ್ತಾಗಬೇಕು, ನೆಲದ ಒಳಗೆ ಯಾರು ನೋಡಿದ್ದಾರೆ? ಒಪ್ಪುತ್ತೇನೆ. ಇಲ್ಲಿಯವರಿಗೂ ಗೊತ್ತಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದು, ಅದಕ್ಕೂ ಒಂದು ದರ ಹಾಕಿ, ನನ್ನ ಮುಂದಿಟ್ಟರು. ಹತ್ತರಿಂದ ಹದಿನೈದು ಪರ್ಸೆಂಟ್ ದುಡ್ಡು ಬೇರೆ ಎತ್ತಿಟ್ಟುಕೊಳ್ಳಿ, ಖರ್ಚಾಗದಿದ್ದರೆ ನಿಮ್ಮದೇ ಅಂದರು. ಬಂಡೆ ಸಿಕ್ಕ ದಿನ ನಾನು ಅವರ ಮೇಲೆ ಸಿಟ್ಟಾಗಬೇಕಿಲ್ಲ. ಅಣ್ಣ ನಂಬಿಕೆ ಇಲ್ವಾ ಅಂತಾನೆ, ನನಗೆ ಅದರಲ್ಲಿ ಕಂಡಿದ್ದೇ ನಂಬಿಕೆ.

ಯಾವ ತರದ ಕೊಳ ಅನ್ನುವುದಕ್ಕೂ ಮೂರು ಕಾಲಂ ಇತ್ತು. ಕಂಬಿ ಕಟ್ಟಿ ಕಾಂಕ್ರೀಟ್ ಹಾಕುವುದು, ತಯಾರಾದ ಫೈಬರ್‌ಗ್ಲಾಸ್ ತೊಟ್ಟಿ ತಂದು ಗುಂಡಿಗೆ ಇಳಿಸುವುದು, ಗೋಡೆ ನಿಲ್ಲಿಸಿ ಒಳಗೆ ವಿನೈಲ್ ಅನ್ನುವ ಪ್ಲಾಸ್ಟಿಕ್ ಹಾಳೆ ಹೊದಿಸುವುದು. ವಿನೈಲ್ ಇವತ್ತಿಗೆ ಅಗ್ಗ, ಆದರೆ ಸುಮಾರು ಹತ್ತು ವರ್ಷಕ್ಕೆ ಹಾಳೆ ಬದಲಾಯಿಸಬೇಕು. ಫೈಬರ್‌ಗ್ಲಾಸ್ ತೊಟ್ಟಿ ಬೇಗ ಕೂರುತ್ತದೆ, ಆದರೆ ಮನೆ ಮೇಲಿಂದ ಎತ್ತಿ ಇಳಿಸಲು ಕ್ರೇನ್ ಬೇಕಾದರೆ ಅದಕ್ಕೊಂದು ದಿನದ ಬಾಡಿಗೆ.

ನನಗೆ ಹೆಚ್ಚು ಹಿಡಿಸಿದ್ದು ಕೊನೆಯ ಪುಟ, ಕಟ್ಟಿದ ಮೇಲಿನ ಖರ್ಚು. ಯಾರೂ ಕೇಳದೆ ಇದನ್ನು ಬರೆದುಕೊಟ್ಟಿದ್ದರು! ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ಈ ಕೊಳದಿಂದ 160 ಲೀಟರ್ ಹೋಗುತ್ತದೆ, ತಿಂಗಳಿಗೆ 4,800 ಲೀಟರ್. ಅದಕ್ಕೆ ಹೊದಿಕೆ ತಗೊಳ್ಳಿ ಅಂತ ಸಲಹೆ. ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ನೇರ ಹೀಟರ್ ಆದರೆ ಸುಮಾರು 54 ಯೂನಿಟ್ ಕರೆಂಟ್ ಬೇಕು, ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುವ ಹೀಟ್ ಪಂಪ್ ಆದರೆ ಅದರ ನಾಲ್ಕನೇ ಅಥವಾ ಐದನೇ ಒಂದು ಪಾಲು ಸಾಕು. ವೇಗ ಬದಲಾಯಿಸುವ ಪಂಪ್ ತಗೊಂಡು ಅರ್ಧ ವೇಗದಲ್ಲಿ ಓಡಿಸಿದರೆ ಅದು ಗಂಟೆಗೆ ಎಳೆಯುವ ನೀರು ಅರ್ಧಕ್ಕೆ ಇಳಿಯುತ್ತದೆ, ಕರೆಂಟ್ ಮಾತ್ರ ಹೆಚ್ಚುಕಡಿಮೆ ಎಂಟನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಜಾಸ್ತಿ ಹೊತ್ತು ನಿಧಾನವಾಗಿ ಓಡಿಸುವುದೇ ಲಾಭ. ನೀರಿನ ಪಿಹೆಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ ಇರಬೇಕು, ವಾರವಾರ ನೋಡಬೇಕು, ಕ್ಲೋರಿನ್ ಹಾಕಬೇಕು. ಇದನ್ನೆಲ್ಲ ಓದಿ ಬೇಡ ಅನ್ನಿಸಿದರೆ ಈಗಲೇ ಬೇಡ ಅನ್ನಬಹುದು. ಅಣ್ಣನ ಕೊಳ ವರ್ಷದಲ್ಲಿ ಎಂಟು ತಿಂಗಳು ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಕಟ್ಟುವ ಮುಂಚೆ ಯಾರಾದರೂ ಈ ಒಂದು ಪುಟ ಕೊಟ್ಟಿದ್ದರೆ ಅವನು ಇನ್ನೂ ಚಿಕ್ಕದಾಗಿ ಕಟ್ಟಿಸುತ್ತಿದ್ದ. ಅದನ್ನು ಅವನೇ ಒಂದು ಸಲ ಹೇಳಿದ್ದ.

ನಮ್ಮವರಿಗೆ ಲೆಕ್ಕ ಬರಲ್ಲ ಅಂತ ನಾನು ಹೇಳುತ್ತಿಲ್ಲ. ಆ ಮೇಸ್ತ್ರಿ ಚದರ ಅಡಿಗೆ ಎಷ್ಟು ಸಿಮೆಂಟ್ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಬರೆದು ಕೊಡಿ ಅಂತ ಕೇಳುವುದನ್ನು ನಾವು ಅವಮಾನ ಅಂದುಕೊಂಡಿದ್ದೇವೆ, ತೊಂದರೆ ಅದು. ಕೇಳುವವನಿಗೆ ಸಂಕೋಚ, ಕೊಡುವವನಿಗೆ ಬೇಸರ. "ಅಷ್ಟೂ ನಂಬಿಕೆ ಇಲ್ವಾ ಅಣ್ಣಾ" ಅನ್ನುವ ಒಂದು ಮಾತಿಗೆ ಎಷ್ಟು ಮನೆಗಳು ಬಾಯಿ ಮುಚ್ಚಿಕೊಂಡು ಸಾಲ ಮಾಡಿವೆ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಹೋದ ವರ್ಷ ಇಲ್ಲಿ ಅಡುಗೆಮನೆ ರಿಪೇರಿ ಮಾಡಿಸಿದಾಗ ಒಂದು ಸ್ವಿಚ್ ಬೋರ್ಡನ್ನು ಒಂದು ಅಡಿ ಆಚೆ ಹಾಕಿ ಅಂದೆ. ಗೋಡೆ ಇನ್ನೂ ಮುಚ್ಚಿರಲಿಲ್ಲ. ಹತ್ತು ನಿಮಿಷದ ಕೆಲಸ. ಅದಕ್ಕೂ ಬೇರೆ ಹಾಳೆ, ಬೇರೆ ಸಹಿ, ಬೇರೆ ಬಿಲ್ಲು ಬಂತು. ಕೊಟ್ಟೆ. ಆದರೆ ನಮ್ಮೂರಲ್ಲಿ, ಹೋದ ಮಳೆಗಾಲದಲ್ಲಿ ರಾತ್ರಿ ಹತ್ತು ಗಂಟೆಗೆ ಅಣ್ಣನ ಪಂಪ್ ಕೋಣೆಗೆ ನೀರು ನುಗ್ಗಿತು. ಮೂರು ತಿಂಗಳು ಮಾತು ಬಿಟ್ಟಿದ್ದ ಅದೇ ಮೇಸ್ತ್ರಿ, ತಲೆಗೆ ಗೊಬ್ಬರದ ಚೀಲ ಹಾಕಿಕೊಂಡು ಬಂದು, ಮೊಣಕಾಲು ನೀರಲ್ಲಿ ಕೈ ಹಾಕಿ ವಾಲ್ವ್ ತಿರುಗಿಸಿ, ಬೆಳಿಗ್ಗೆ ತನಕ ಇದ್ದು ಹೋದರು. ಅತ್ತಿಗೆ ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ಹನ್ನೊಂದು ಪುಟದಲ್ಲಿ ಅಂಥದ್ದಕ್ಕೆ ಸಾಲು ಇಲ್ಲ.

ಇನ್ನೊಂದು ನಡೆದದ್ದು ಮೊನ್ನೆ. ಅಣ್ಣನ ಜೊತೆ ವಿಡಿಯೋ ಕಾಲಲ್ಲಿ ಮಾತಾಡುವಾಗ ಮೇಸ್ತ್ರಿ ಅಲ್ಲೇ ಇದ್ದರು. ಹಿತ್ತಲು ತೋರಿಸಿ ಅಂದರು, ತೋರಿಸಿದೆ. ಬಣ್ಣದ ಚೌಕದ ಸುತ್ತ ಫೋನ್ ಹಿಡಿದುಕೊಂಡು ನಡೆದೆ. "ನಿಲ್ಲಿ ನಿಲ್ಲಿ, ಆ ಬೇಲಿ ಮೂಲೇಲಿ ಹುಲ್ಲು ಯಾಕೆ ಅಷ್ಟು ಹಸಿರು? ಮಿಕ್ಕಿದ್ದೆಲ್ಲ ಒಣಗಿದೆಯಲ್ಲ. ನೀವು ಅಲ್ಲಿ ನೀರು ಬಿಡ್ತೀರಾ?" ಅಂದರು. ಇಲ್ಲ ಅಂದೆ. "ಹಂಗಾದ್ರೆ ಅಲ್ಲಿ ಕೆಳಗೆ ನೀರಿದೆ ಅಣ್ಣಾ. ಕೇಳಿ ನೋಡಿ. ತೊಟ್ಟಿ ಖಾಲಿ ಮಾಡಿದ ದಿನ ಕೆಳಗಿನ ನೀರು ಮೇಲಕ್ಕೆ ತಳ್ಳುತ್ತೆ."

ಅದು ನಿಜ. ನೆಲದಡಿಯ ನೀರಿನ ಮಟ್ಟ ಮೇಲಿದ್ದರೆ, ಖಾಲಿ ಕೊಳ ದೋಣಿಯ ಹಾಗೆ ಎದ್ದು ಬಿರುಕು ಬಿಡಬಹುದು. ಅದಕ್ಕೇ ತಳದಲ್ಲಿ ಒತ್ತಡ ಇಳಿಸುವ ವಾಲ್ವ್ ಹಾಕುತ್ತಾರೆ. ಎಸ್ಟಿಮೇಟ್ ಮಾಡಿದವರಿಗೆ ಫೋನ್ ಮಾಡಿದೆ. ಮತ್ತೆ ಬಂದು ಆ ಮೂಲೆಯಲ್ಲಿ ಕೊರೆದು ನೋಡಿದರು. ನಾಲ್ಕೂವರೆ ಅಡಿಗೆ ಮಣ್ಣು ಒದ್ದೆ. ನಿನ್ನೆ ಹೊಸ ಹಾಳೆ ಬಂತು, ಹನ್ನೆರಡು ಪುಟ. ತಳದ ವಾಲ್ವ್ ಒಂದು ಸಾಲು, ಅಗೆಯುವಾಗ ಬರುವ ನೀರು ಎತ್ತಿ ಹಾಕುವ ಪಂಪಿಗೆ ದಿನದ ಬಾಡಿಗೆ ಇನ್ನೊಂದು ಸಾಲು. ಎರಡಕ್ಕೂ ಎದುರಿಗೆ ಮೊತ್ತ ಬರೆದಿದೆ.

ಆ ಪುಟದ ಫೋಟೋ ಅಣ್ಣನಿಗೆ ಕಳಿಸಿದ್ದೇನೆ. ಮೇಸ್ತ್ರಿಗೆ ತೋರಿಸು ಅಂತ ಹೇಳಿದ್ದೇನೆ. ಆ ಎರಡು ಸಾಲು ಅವರದು.