ಮನೆ ಕಟ್ಟುವವರಿಗೂ ಒಂದು ಏಕಗವಾಕ್ಷಿ ಬೇಕು

ನಿನ್ನೆ ಸಂಜೆ ಹಿರಿಯರೊಬ್ಬರು ನನ್ನ ಆಫೀಸಿಗೆ ಬಂದಿದ್ದರು. ಹಿಟ್ಟಿನ ಗಿರಣಿ ನಡೆಸುವವರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ. ಸಿಟಿ ಸರ್ವೆ ಉತಾರ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ದಾಖಲೆ), ಖರೇದಿ ಪತ್ರ, ತೆರಿಗೆ ಕಟ್ಟಿದ ರಸೀದಿ, ಮೂರು ಸಲ ತಿದ್ದಿ ಬರೆಸಿದ ನಕ್ಷೆ. ಎಲ್ಲವನ್ನೂ ಟೇಬಲ್ ಮೇಲೆ ಹರವಿ, “ಸರ, ಇದ್ರಾಗ ಯಾವ ಕಾಗದ ಕಡಿಮಿ ಅದ ಹೇಳ್ರಿ, ತಂದ ಕೊಡ್ತೀನಿ. ಆದ್ರ ಎಲ್ಲಾ ಒಮ್ಮೇಲೆ ಹೇಳ್ರಿ” ಅಂದರು.

ಆ ‘ಒಮ್ಮೇಲೆ’ ಅನ್ನುವ ಮಾತು ರಾತ್ರಿ ನಿದ್ದೆ ಕೊಡಲಿಲ್ಲ. ಮನೆ ಕಟ್ಟಲು ಬೇಕಾದ ಎಲ್ಲ ಅನುಮತಿ ಒಂದೇ ಕಡೆ ಸಿಗುವ ಏಕಗವಾಕ್ಷಿ ನಮಗೂ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ವಿಜಯಪುರದಲ್ಲಿ ಮನೆಗಳ ನಕ್ಷೆ ಬರೆದುಕೊಡುವ ಕೆಲಸ ಹಿಡಿದು ನನಗೆ ಹದಿನಾರು ವರ್ಷ. ಈ ಅಜ್ಜಾರ ಕತೆ ಹೊಸದೇನಲ್ಲ, ಆದರೂ ಹೇಳುತ್ತೇನೆ. ಅವರದು ಕೋಟೆ ಒಳಗಿನ ಹಳೇ ಮನೆ, ಮಣ್ಣಿನ ಮಾಳಿಗೆ. ಹೋದ ಮಳೆಗಾಲದಲ್ಲಿ ಒಂದು ಅಂಕಣ ಕುಸಿಯಿತು. ಉಳಿದದ್ದನ್ನೂ ಕೆಡವಿ ಆರ್‌ಸಿಸಿ ಮನೆ ಕಟ್ಟೋಣ ಅಂತ ಮಗ ಹೇಳಿದ. ಬಾಡಿಗೆ ಮನೆಗೆ ಹೋದರು, ನಕ್ಷೆ ಬರೆಸಿದರು, ಕಚೇರಿ ಕಚೇರಿ ತಿರುಗಿದರು. ಒಂದು ಕಡೆ ಉತಾರದಲ್ಲಿ ತಂದೆಯ ಹೆಸರು ತೆಗೆಸಿ ಬನ್ನಿ ಅಂದರು. ಅದಾಯಿತು. ಇನ್ನೊಂದು ಕಡೆ ಬಾಕಿ ಇಲ್ಲದ ಪತ್ರ ಕೇಳಿದರು. ಅದೂ ಆಯಿತು. ಐದನೇ ತಿಂಗಳಲ್ಲಿ ಮತ್ತೊಂದು ಟೇಬಲ್ಲಿನಲ್ಲಿ ಗೊತ್ತಾಯಿತು: ಹಿಂದಿನ ಓಣಿಯ ಗುಮ್ಮಟ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಈ ಜಾಗದಲ್ಲಿ ಹೊಸ ಮನೆಗೆ ಅನುಮತಿಯೇ ಇಲ್ಲ.

ಐದನೇ ತಿಂಗಳಲ್ಲಿ! ಮೊದಲನೇ ದಿನ ಕೇಳಬೇಕಾದ ಪ್ರಶ್ನೆ ಇದು.

ನಮ್ಮೂರಿನವರಿಗೆ ಈ ನಿಯಮ ಸರಿಯಾಗಿ ಗೊತ್ತಿರಲೇಬೇಕು, ಅದಕ್ಕೆ ಬಿಡಿಸಿ ಹೇಳುತ್ತೇನೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ‘ನಿಷೇಧಿತ’ ಪ್ರದೇಶ, ಅಲ್ಲಿ ಹೊಸ ಕಟ್ಟಡ ಇಲ್ಲ. ಅದರಾಚೆ ಇನ್ನೂ 200 ಮೀಟರ್ ‘ನಿಯಂತ್ರಿತ’ ಪ್ರದೇಶ, ಅಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಒಪ್ಪಿಗೆ ಪಡೆದು ಕಟ್ಟಬಹುದು. ಅಳತೆ ಶುರುವಾಗುವುದು ಗಡಿಯಿಂದ, ಗುಮ್ಮಟದ ಗೋಡೆಯಿಂದ ಅಲ್ಲ. ಅಜ್ಜಾರು ಮಗನ ಜೊತೆ ಟೇಪ್ ಹಿಡಿದು ಗೋಡೆಯಿಂದ ಅಳೆದಿದ್ದರು, 130 ಮೀಟರ್ ಬಂದಿತ್ತು. ಗಡಿಯಿಂದ ಅಳೆದರೆ ತೊಂಬತ್ತೂ ಇಲ್ಲ. ಆ ಗಡಿ ಎಲ್ಲಿದೆ ಅಂತ ಅವರಿಗೆ ಯಾರೂ ತೋರಿಸಿರಲಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮೊದಲಿದ್ದ ಮನೆಯ ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಅಜ್ಜಾರದು ಅವರ ಅಜ್ಜನ ಕಾಲದ ಮನೆ. ಐದು ತಿಂಗಳಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಯಾಕೆಂದರೆ ಅದು ಅವರ ಟೇಬಲ್ಲಿನ ವಿಷಯ ಅಲ್ಲ.

ಸ್ಮಾರಕದ ನಿಯಮ ಬೇಡ ಅನ್ನುವವನಲ್ಲ ನಾನು. ಇಬ್ರಾಹಿಂ ರೋಜಾದ ಮಿನಾರುಗಳ ಬೆನ್ನಿಗೆ ಐದಂತಸ್ತಿನ ಲಾಡ್ಜ್ ಏಳುವುದನ್ನು ನೋಡಲು ನನಗೆ ಇಷ್ಟವಿಲ್ಲ. ನಿಯಮ ಇರಲಿ, ಬಿಗಿಯಾಗೇ ಇರಲಿ. ಅದನ್ನು ತಿಳಿದುಕೊಳ್ಳಲು ಒಬ್ಬ ಮನುಷ್ಯ ಐದು ತಿಂಗಳ ಬಾಡಿಗೆ ತೆರಬಾರದು.

ಕೋಟೆ ಹೊರಗಿನ ಬಡಾವಣೆಗಳ ಕತೆ ಬೇರೆ. ಅಲ್ಲಿ ಬಿನ್‌ಶೇತ್ಕಿ ಆದೇಶ (ಹೊಲದ ಜಮೀನನ್ನು ಬೇರೆ ಬಳಕೆಗೆ ಬದಲಿಸುವುದು) ಕಂದಾಯದವರದು, ಲೇಔಟ್ ಮಂಜೂರಿ ನಗರಾಭಿವೃದ್ಧಿ ಪ್ರಾಧಿಕಾರದ್ದು, ಇ-ಖಾತಾ ಮತ್ತು ಕಟ್ಟಡ ಪರವಾನಗಿ ಪಾಲಿಕೆಯದು. ಖರ್ಚು ನಿಗದಿತ ಮಿತಿ ದಾಟಿದರೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಶೇಕಡಾ 1 ಸೆಸ್ (ಈ ದುಡ್ಡು ನಮ್ಮ ಗೌಂಡಿಗಳಿಗೆ ಸೇರಬೇಕಾದದ್ದು, ಇದನ್ನು ತಪ್ಪಿಸಬೇಡಿ). ಆಮೇಲೆ ಕರೆಂಟು, ನೀರು. ಪ್ರತಿಯೊಂದು ಕಡೆ ಅದೇ ಖರೇದಿ ಪತ್ರದ ಜೆರಾಕ್ಸ್. ಒಂದು ಕಚೇರಿ ಕೊಟ್ಟ ಕಾಗದವನ್ನು ಇನ್ನೊಂದು ಕಚೇರಿಗೆ ಹೊತ್ತು ಹಾಕುವವರು ನಾವು. ಆನ್‌ಲೈನ್ ಬಂದ ಮೇಲೆ ಹೊರೆ ಇಳಿದಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅರ್ಜಿ ಕಂಪ್ಯೂಟರಿನಲ್ಲಿ ಹೋದರೂ ಅದರ ಹಿಂದೆ ಮನುಷ್ಯ ಹೋಗುವುದು ನಿಂತಿಲ್ಲ.

ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕು ಅನ್ನುವ ‘ಸಕಾಲ’ ಇದೆಯಲ್ಲ ಅನ್ನಬಹುದು. 2012ರಲ್ಲಿ ಅದು ಬಂದಾಗ ನನ್ನಷ್ಟು ಖುಷಿಪಟ್ಟವರು ಕಡಿಮೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂಬ ನಿಯಮವೂ ಅದರಲ್ಲಿದೆ. ಆದರೆ ನನ್ನ ಅನುಭವದಲ್ಲಿ ಗಡುವಿಗೆ ಎರಡು ದಿನ ಇರುವಾಗ ಒಂದು ಆಕ್ಷೇಪಣೆ ಬರುತ್ತದೆ, ಅರ್ಜಿ ತಿರಸ್ಕೃತ, ಮತ್ತೆ ಹೊಸ ನಂಬರು. ಲೆಕ್ಕದಲ್ಲಿ ಅದು ತಡವೇ ಅಲ್ಲ.

ನನಗೆ ನಿಜವಾಗಿ ನೋವಾಗುವುದು ಎಲ್ಲಿ ಗೊತ್ತೇ? ಇದೇ ಜಿಲ್ಲೆಯಲ್ಲಿ ಯಾರಾದರೂ ಕಾರ್ಖಾನೆ ಹಾಕುತ್ತೇನೆ ಅಂದರೆ 15 ಕೋಟಿ ರೂಪಾಯಿವರೆಗಿನ ಯೋಜನೆಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ ಇದೆ. ಅದಕ್ಕೆ 2002ರ ಕಾಯ್ದೆಯೇ ಇದೆ. ಎಲ್ಲ ಇಲಾಖೆಯವರು ಒಂದೇ ಟೇಬಲ್ ಸುತ್ತ ಕೂರುತ್ತಾರೆ. ಅದು ಒಳ್ಳೆಯದೇ, ಜಿಲ್ಲೆಗೆ ಕೆಲಸ ಬೇಕು. ಆದರೆ ಹದಿನೈದು ಲಕ್ಷದ ಮನೆ ಕಟ್ಟುವವನಿಗೆ, ಜೀವಮಾನದಲ್ಲಿ ಒಂದೇ ಸಲ ಕಟ್ಟುವವನಿಗೆ, ಆ ಟೇಬಲ್ ಯಾಕಿಲ್ಲ?

ಪಕ್ಕದ ತೆಲಂಗಾಣ 2020ರಲ್ಲಿ ಕಾಯ್ದೆಯನ್ನೇ ಮಾಡಿತು. 75 ಚದರ ಗಜದವರೆಗಿನ ನಿವೇಶನದ ಸಣ್ಣ ಮನೆಗೆ ಪರವಾನಗಿಯೇ ಬೇಡ, ಒಂದು ರೂಪಾಯಿ ಕಟ್ಟಿ ನೋಂದಾಯಿಸಿದರೆ ಸಾಕು. 500 ಚದರ ಮೀಟರ್‌ವರೆಗೆ ಮಾಲೀಕರ ಸ್ವಯಂ ಘೋಷಣೆ ನಂಬಿ ತಕ್ಷಣ ಅನುಮತಿ. ಅದಕ್ಕಿಂತ ದೊಡ್ಡದಕ್ಕೆ ಒಂದೇ ಕಿಂಡಿ, 21 ದಿನ. ಸುಳ್ಳು ಘೋಷಣೆ ಕೊಟ್ಟರೆ ನೋಟಿಸ್ ಇಲ್ಲದೆ ಕೆಡವುವ ಅಧಿಕಾರವೂ ಅದೇ ಕಾಯ್ದೆಯಲ್ಲಿದೆ. ನಮ್ಮ ಬೆಂಗಳೂರಿನಲ್ಲೂ 50×80 ಅಡಿವರೆಗಿನ ನಿವೇಶನದ ಮನೆಗಳಿಗೆ, ಕೊಟ್ಟ ನಕ್ಷೆ ನಂಬಿ ಬೇಗ ಅನುಮತಿ ಕೊಡುವ ‘ನಂಬಿಕೆ ನಕ್ಷೆ’ ಬಂತು. ಎಂಥ ಚೆಂದದ ಹೆಸರು! ಆ ನಂಬಿಕೆ ವಿಜಯಪುರದವರ ಮೇಲೂ ಇಡಬೇಕು ಅಂತ ಕೇಳುತ್ತಿದ್ದೇನೆ.

ಈಗಲೇ ಕೇಳಲು ಕಾರಣವಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ಸ್ವಾಧೀನಾನುಭವ ಪತ್ರ (ಮಂಜೂರಾದ ನಕ್ಷೆಯಂತೆ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪತ್ರ) ನೋಡಿಯೇ ಕರೆಂಟು, ನೀರು ಕೊಡಬೇಕು ಅಂತಿದೆ. ಮೊದಲು “ಕಟ್ಟಿಬಿಡ್ರಿ, ಆಮ್ಯಾಲ ನೋಡೂಣು” ಅನ್ನುತ್ತಿದ್ದರು. ಆ ದಾರಿ ಮುಚ್ಚುತ್ತಿದೆ, ಮುಚ್ಚಲೇಬೇಕಿತ್ತು. ತಪ್ಪು ದಾರಿ ಮುಚ್ಚುವಾಗ ಸರಿ ದಾರಿ ಅಗಲ ಮಾಡದಿದ್ದರೆ ಜನ ಎಲ್ಲಿ ಹೋಗಬೇಕು?

ನನ್ನ ಗೆಳೆಯನೊಬ್ಬ ಕೇಳಿದ: “ಐದ ಕಡೆ ಕೈ ಬಿಸಿ ಮಾಡೋದು ಹೋಗಿ ಒಂದ ಕಡೆ ಮಾಡ್ಬೇಕಾಗ್ತದ, ಅಷ್ಟ ಅಲ್ಲೇನೋ?” ಆ ಭಯ ನನಗೂ ಇದೆ. ಏಕಗವಾಕ್ಷಿ ಅನ್ನುವುದು ಬರೀ ಅರ್ಜಿ ತಗೊಂಡು ಮುಂದೆ ಕಳಿಸುವ ಕೌಂಟರ್ ಆದರೆ ಆರನೇ ಕಚೇರಿ ಹುಟ್ಟಿದಂತೆ. ಅಲ್ಲಿ ಸಹಿ ಹಾಕುವ ಅಧಿಕಾರ ಇರುವವರೇ ವಾರಕ್ಕೆ ಎರಡು ದಿನವಾದರೂ ಬಂದು ಕೂರಬೇಕು. ನಗರ ಯೋಜನೆ, ಸರ್ವೆ, ಪ್ರಾಧಿಕಾರ, ವಿದ್ಯುತ್ ಕಂಪನಿ, ಪುರಾತತ್ವ, ಎಲ್ಲರ ಪ್ರತಿನಿಧಿಗಳು. ಆಕ್ಷೇಪಣೆ ಏನಿದ್ದರೂ ಮೊದಲ ವಾರದಲ್ಲಿ, ಒಂದೇ ಪತ್ರದಲ್ಲಿ, ಬರವಣಿಗೆಯಲ್ಲಿ ಕೊಡಬೇಕು. ಎರಡನೇ ಸಲ ಹೊಸ ಆಕ್ಷೇಪಣೆ ತೆಗೆಯುವಂತಿಲ್ಲ. ಯಾವ ಅರ್ಜಿ ಯಾರ ಹತ್ತಿರ ಎಷ್ಟು ದಿನದಿಂದ ಇದೆ ಅನ್ನುವುದು ಹೊರಗಿನ ಗೋಡೆಯ ಮೇಲೆ ಎಲ್ಲರಿಗೂ ಕಾಣಬೇಕು. ಮುಚ್ಚಿದ ಡ್ರಾಯರಿನಲ್ಲಿ ನಡೆಯುವ ವ್ಯವಹಾರ ಹತ್ತು ಜನರ ಎದುರು ಅಷ್ಟು ಸುಲಭವಲ್ಲ.

ಇನ್ನೊಂದು ಬೇಡಿಕೆ ಈ ಊರಿಗೇ ಸೇರಿದ್ದು. ಸ್ಮಾರಕಗಳ ಗಡಿ, 100 ಮೀಟರ್, ಮುಂದಿನ 200 ಮೀಟರ್, ಎಲ್ಲವನ್ನೂ ಸಿಟಿ ಸರ್ವೆ ನಕ್ಷೆಯ ಮೇಲೆಯೇ ಬಣ್ಣ ಹಾಕಿ ಆ ಏಕಗವಾಕ್ಷಿ ಕಚೇರಿಯ ಬಾಗಿಲಲ್ಲಿ ತೂಗುಹಾಕಬೇಕು. ಓದು ಬಾರದವರೂ ತಮ್ಮ ಓಣಿ ಹುಡುಕಿ ಬೆರಳಿಟ್ಟು ನೋಡುವಂತಿರಬೇಕು.

ಇದನ್ನೆಲ್ಲ ಮನವಿಯಾಗಿ ಬರೆದು ಜಿಲ್ಲಾಧಿಕಾರಿಗಳಿಗೆ ಕೊಡಲು ನಾವು ನಾಲ್ಕೈದು ಜನ ಎಂಜಿನಿಯರುಗಳು ಸೇರುತ್ತಿದ್ದೇವೆ. ಜೊತೆಗೆ ಬರುವವರು ಬರ್ರಿ.

ಅಜ್ಜಾರ ದುರಸ್ತಿ ಅರ್ಜಿಗೆ 1992ಕ್ಕಿಂತ ಮೊದಲು ಮನೆ ಇತ್ತು ಅನ್ನುವ ದಾಖಲೆ ಬೇಕಿತ್ತು. ಇವತ್ತು ಬೆಳಿಗ್ಗೆ ಗಿರಣಿಯ ಹಳೇ ಟ್ರಂಕಿನಲ್ಲಿ ಅವರ ತಂದೆಯ ಹೆಸರಿನ ಮನೆಪಟ್ಟಿ (ಮನೆ ತೆರಿಗೆ) ರಸೀದಿ ಸಿಕ್ಕಿದೆ, 1986ರದ್ದು, ಅಂಚು ಸ್ವಲ್ಪ ಇಲಿ ಕಡಿದಿದೆ. ಕೋಟೆ ಒಳಗೆ ಹಳೇ ಮನೆ ಇರುವವರು ಅಂಥ ರಸೀದಿಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.